ಮಕ್ಕಳಿಗೂ ಬರುವ ಸಂಧಿವಾತ: ನಮ್ಮ ಮನೆಯ ಅನುಭವ



ಸಂಧಿವಾತವೆಂದರೆ ವಯಸ್ಸಾದವರ ಬೇನೆ ಎಂದೇ ನಾವೆಲ್ಲ ತಿಳಿದಿರುತ್ತೇವೆ. ಬಸದಿಯ ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದುಕೊಂಡು ನಿಲ್ಲುವವರು, ಪೂಜೆಗೆ ಕೆಳಗೆ ಕೂಡ್ರಲಾಗದೆ ಕುರ್ಚಿ ಕೇಳುವವರು ಪ್ರತಿ ಊರಿನಲ್ಲಿಯೂ ಇದ್ದಾರೆ. ನನಗೂ 66 ತುಂಬಿದ್ದು ಆ ಸಾಲಿನಲ್ಲಿ ನಾನೂ ಒಬ್ಬ. ಆದರೆ ಮೂರು ವರ್ಷದ ಕೂಸಿಗೆ ಸಂಧಿವಾತವಾಗಿದೆ ಎಂದರೆ ಜನರು ನಂಬುವುದಿಲ್ಲ. ನಮ್ಮ ಮೊಮ್ಮಗಳಿಗೆ 2017ರ ಮಳೆಗಾಲದಲ್ಲಿ, ಮೂರು ತುಂಬಿದ ಕೆಲವೇ ದಿನಗಳಲ್ಲಿ ಈ ರೋಗ ಕಾಣಿಸಿಕೊಂಡಿತು. ಈಗ ಅವಳಿಗೆ 11 ವರ್ಷ. ಇಷ್ಟು ವರ್ಷಗಳಲ್ಲಿ ಡಾಕ್ಟರರಿಂದ ಕೇಳಿದ್ದು, ಕಣ್ಣಾರೆ ಕಂಡದ್ದು ಇತರ ಮನೆಗಳಿಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ನಾನು ಡಾಕ್ಟರನಲ್ಲ. 1975ರಲ್ಲಿ ಮ್ಯಾಟ್ರಿಕ್ ಪಾಸಾಗಿ ಅಕ್ಕಲಕೋಟೆಯ ನಮ್ಮ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕುಳಿತವನು, ಇಂದಿಗೂ ಅಲ್ಲಿಯೇ ಇದ್ದೇನೆ. ಆದ್ದರಿಂದ ಇದನ್ನು ಓದಿ ಯಾರೂ ತಾವಾಗಿ ಔಷಧ ಕೊಡಬಾರದು, ಬಿಡಿಸಲೂ ಬಾರದು.

ಬರೆಯುವ ಮುಂಚೆ ಮಗ-ಸೊಸೆಯನ್ನೂ, ಹುಡುಗಿಯನ್ನೂ ಕೇಳಿದೆ. "ಬರೀರಿ ಅಜ್ಜಾ, ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ" ಎಂದಳು. ಹಾಕಿಲ್ಲ.

ಮೊದಲು ಲಕ್ಷಣಗಳನ್ನು ಹೇಳುತ್ತೇನೆ, ಏಕೆಂದರೆ ಎಲ್ಲರೂ ಮೋಸ ಹೋಗುವುದು ಇಲ್ಲಿಯೇ. ಕೂಸು ಕಾಲು ನೋಯುತ್ತದೆಂದು ಒಂದು ದಿನವೂ ಅಳಲಿಲ್ಲ. ಎದ್ದ ಕೂಡಲೇ ಬಚ್ಚಲಿಗೆ ತಾನೇ ಓಡುತ್ತಿದ್ದವಳು "ಎತ್ತಿಕೋ" ಎನ್ನತೊಡಗಿದಳು. ಮೆಟ್ಟಿಲು ಇಳಿಯುವಾಗ ಕುಳಿತು ಜಾರುತ್ತಿದ್ದಳು. ಊಟಕ್ಕೆ ಚಕ್ಕಳಮಕ್ಕಳ ಹಾಕುವುದನ್ನು ಬಿಟ್ಟು ಎಡಗಾಲನ್ನು ಮುಂದೆ ಚಾಚಿ ಕೂಡ್ರುತ್ತಿದ್ದಳು. ಹತ್ತು ಗಂಟೆಯಾಯಿತೆಂದರೆ ಅಂಗಳದಲ್ಲಿ ಓಡಾಡುತ್ತಿದ್ದುದರಿಂದ, ಇದು ಮುದ್ದಿನ ಹಟವೆಂದು ನೆರೆಹೊರೆಯವರ ಅಭಿಪ್ರಾಯ. ನನ್ನ ಹೆಂಡತಿ ಎಣ್ಣೆ ಹಚ್ಚಿ ನೀರು ಹಾಕುವಾಗ ಎರಡೂ ಮೊಣಕಾಲುಗಳ ಮೇಲೆ ಕೈಯಿಟ್ಟು ನೋಡಿ, ಎಡಗಡೆಯದು ದಪ್ಪವಿದೆ, ಬಿಸಿಯೂ ಇದೆ ಎಂದಳು. ಬಲಮೊಣಕಾಲಿನ ಚಿಪ್ಪಿನ ಎರಡೂ ಬದಿಗೆ ಸಣ್ಣ ಕುಳಿ ಕಾಣುತ್ತಿತ್ತು. ಎಡಗಡೆ ಆ ಕುಳಿಗಳು ತುಂಬಿಹೋಗಿದ್ದವು. ಮುಂದೆ ಪುಣೆಯ ಡಾಕ್ಟರರು ಹೇಳಿದ ಮಾತು ಇದು: ಚಿಕ್ಕ ಮಕ್ಕಳು ನೋವನ್ನು ಹೇಳುವುದಿಲ್ಲ, ನೋಯುವ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಹೀಗಾಗಿ ಕೂಸು ಏನು ಮಾಡುವುದನ್ನು ಬಿಟ್ಟಿದೆ ಎಂಬುದನ್ನು ಹಿರಿಯರು ನೋಡಬೇಕಾಗುತ್ತದೆ.

ಬೆಳೆಯುವ ಮಕ್ಕಳಿಗೆ ಕಾಲು ಸೆಳೆಯುವುದು ಸಾಮಾನ್ಯ. ಆದರೆ ಆ ಸೆಳೆತ ಸಂಜೆಗೆ ಇಲ್ಲವೆ ರಾತ್ರಿ ಬರುತ್ತದೆ, ಎರಡೂ ಕಾಲಿಗೆ ಬರುತ್ತದೆ, ತಿಕ್ಕಿದರೆ ಹೋಗುತ್ತದೆ, ಬೆಳಿಗ್ಗೆ ಮಗು ಕುಣಿಯುತ್ತಾ ಏಳುತ್ತದೆ, ಬಾವು ಇರುವುದಿಲ್ಲ. ಈ ರೋಗದಲ್ಲಿ ಇದರ ತಿರುಗುಮುರುಗು. ಬೆಳಿಗ್ಗೆ ಬಿಗಿತ ಹೆಚ್ಚು, ಓಡಾಡಿದಷ್ಟೂ ಸಡಿಲ, ಮಧ್ಯಾಹ್ನ ಮಲಗಿ ಎದ್ದರೆ ಮತ್ತೆ ಕುಂಟು.

ನಮ್ಮ ಕೂಸಿನ ರೋಗಕ್ಕೆ ಸರಿಯಾದ ಹೆಸರು ಸಿಗಲು ಆರು ತಿಂಗಳು ಹಿಡಿಯಿತು. ಮೊದಲು ತೋರಿಸಿದ ಕಡೆ, ಬಿದ್ದಿರಬೇಕು ಎಂದು ಪಟ್ಟಿ ಕಟ್ಟಿದರು. ಎರಡನೆಯ ಕಡೆ ರಕ್ತ ತಪಾಸಣೆ ಮಾಡಿ, ಎ.ಎಸ್.ಓ. ಹೆಚ್ಚಿದೆ, ಇದು ಹೃದಯಕ್ಕೆ ಬೀಳುವ ರುಮ್ಯಾಟಿಕ್ ಜ್ವರ ಎಂದು 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಪ್ರಾರಂಭಿಸಿದರು. ಐದು ಸೂಜಿ ಆದವು. ಪ್ರತಿ ಸಲ ಕೂಸು ಚೀರುವುದು ರಸ್ತೆಗೆ ಕೇಳುತ್ತಿತ್ತು, ಬಾವು ಮಾತ್ರ ಇದ್ದಲ್ಲೇ ಇತ್ತು. ರುಮ್ಯಾಟಿಕ್ ಜ್ವರ ನಿಜವಾದ, ಗಂಡಾಂತರದ ರೋಗವೇ. ಅದಕ್ಕೆ ಪೆನಿಸಿಲಿನ್ ಬೇಕೇ ಬೇಕು. ಆದರೆ ಅದರಲ್ಲಿ ನೋವು ಇಂದು ಮೊಣಕಾಲು, ನಾಳೆ ಹರಡು, ನಾಡದು ಮೊಣಕೈ ಎಂದು ಸುತ್ತುತ್ತದೆ, ಕೆಲವು ದಿನ ಇಲ್ಲವೆ ವಾರಗಳಲ್ಲಿ ಇಳಿಯುತ್ತದೆ. ಒಂದೇ ಕೀಲಿನಲ್ಲಿ ತಿಂಗಳುಗಟ್ಟಲೆ ಕೂಡ್ರುವುದಿಲ್ಲ. ಗಂಟಲು ಬೇನೆ ಬಂದುಹೋದ ಎಷ್ಟೋ ಆರೋಗ್ಯವಂತ ಮಕ್ಕಳ ರಕ್ತದಲ್ಲಿಯೂ ಎ.ಎಸ್.ಓ. ಹೆಚ್ಚಿರುತ್ತದೆಯಂತೆ. ಈ ಒಂದು ಕಾಗದದ ಮೇಲೆ ವರ್ಷಗಟ್ಟಲೆ ಸೂಜಿ ಚುಚ್ಚಿಸಿಕೊಂಡ ಮಕ್ಕಳನ್ನು ಪುಣೆಯ ದವಾಖಾನೆಯ ಬಾಕಿನ ಮೇಲೆ ನಾವು ಕಂಡೆವು.

ಮೂರನೆಯವರು ಎಲುಬಿನ ಡಾಕ್ಟರರು. ಅವರು ಕ್ಷಯವಿರಬಹುದೆಂದು ಮೊಣಕಾಲಿನ ನೀರು ತೆಗೆದು ಪರೀಕ್ಷಿಸಿದರು. ಅದಲ್ಲವೆಂದು ತಿಳಿದ ಮೇಲೆ, ಇದು ನನ್ನ ಕೈಯದಲ್ಲ, ಮಕ್ಕಳ ಸಂಧಿವಾತ ನೋಡುವವರ ಬಳಿ ಹೋಗಿರಿ ಎಂದು ಚೀಟಿ ಬರೆದುಕೊಟ್ಟರು. ತನ್ನ ಕೈಯದಲ್ಲ ಎನ್ನುವ ಡಾಕ್ಟರ್ ಸಿಗುವುದು ಪುಣ್ಯವೆಂದೇ ನಾನು ತಿಳಿಯುತ್ತೇನೆ. ಮಧ್ಯದಲ್ಲಿ ಯಾರೋ ಹೆಸರಿಲ್ಲದ ಪುಡಿಯೊಂದನ್ನು ತಂದುಕೊಟ್ಟಿದ್ದರು, ಮೂರೇ ದಿನದಲ್ಲಿ ಗುಣವೆಂದು. ಸೊಸೆ ಅದನ್ನು ಕೊಡಲಿಲ್ಲ. ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಬೆರೆತಿರುತ್ತದೆಂದೂ, ಮಕ್ಕಳ ರಕ್ತದ ಕ್ಯಾನ್ಸರ್ ಸಹ ಒಮ್ಮೊಮ್ಮೆ ಕೀಲುನೋವಿನಂತೆ ಪ್ರಾರಂಭವಾಗುವುದರಿಂದ, ತಪಾಸಣೆಗೆ ಮುಂಚೆ ಸ್ಟಿರಾಯ್ಡ್ ಹೊಟ್ಟೆಗೆ ಹೋದರೆ ಆ ರೋಗ ಮುಚ್ಚಿಹೋಗುತ್ತದೆಂದೂ ಮುಂದೆ ತಿಳಿಯಿತು.

2018ರ ಜನವರಿಯಲ್ಲಿ ಪುಣೆಗೆ ಹೋದೆವು. ಹಿಂದಿನ ರಾತ್ರಿ ಸೊಲ್ಲಾಪುರದ ಬಂಧುಗಳಲ್ಲಿ ಉಳಿದು ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದೆವು. ನಾನು ಒಂದು ಸಣ್ಣ ದಿನವಹಿ ಒಯ್ದಿದ್ದೆ. ಅಂಗಡಿಯವನಿಗೆ ಬರೆದಿಡುವ ಚಟ ಬಿಡುವುದಿಲ್ಲ. ಕೂಸು ಎಷ್ಟು ಗಂಟೆಗೆ ಎದ್ದಳು, ಎಷ್ಟು ಗಂಟೆಗೆ ಕುಂಟು ಬಿಟ್ಟು ನಡೆದಳು ಎಂಬುದನ್ನು ಎರಡು ತಿಂಗಳು ತಾರೀಖು ಹಾಕಿ ಬರೆದಿದ್ದೆ. ಎದ್ದದ್ದು 7, ಸರಿಯಾಗಿ ನಡೆದದ್ದು 9.15, ಹೀಗೆ. ಡಾಕ್ಟರರು ರಿಪೋರ್ಟಿನ ಕಟ್ಟನ್ನು ಬದಿಗಿಟ್ಟು ಮೊದಲು ಅದನ್ನು ಓದಿದರು. ರಕ್ತದ ಕಾಗದಕ್ಕಿಂತ ಇದು ಹೆಚ್ಚು ಹೇಳುತ್ತದೆ, ಮುಂದೆಯೂ ಬರೆಯುತ್ತಿರಿ ಎಂದರು. ಈಗ ಅದು ನಾಲ್ಕನೆಯ ಪುಸ್ತಕ.

ರೋಗದ ಹೆಸರು ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್, ಚಿಕ್ಕದಾಗಿ ಜೆ.ಐ.ಎ. ಹದಿನಾರು ತುಂಬುವ ಮುಂಚೆ ಪ್ರಾರಂಭವಾಗಿ, ಕನಿಷ್ಠ ಆರು ವಾರ ಇದ್ದು, ಬೇರೆ ಕಾರಣ ಸಿಗದ ಕೀಲುಬಾವಿಗೆ ಈ ಹೆಸರು. ಇದು ಹೊಸ ರೋಗವೇನಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ಡಾಕ್ಟರರು 1897ರಲ್ಲಿಯೇ 22 ಮಕ್ಕಳ ವಿವರ ಪ್ರಕಟಿಸಿ, ಇದು ದೊಡ್ಡವರ ಸಂಧಿವಾತದ ಚಿಕ್ಕ ರೂಪವಲ್ಲ, ಬೇರೆಯೇ ಎಂದು ತೋರಿಸಿದ್ದರು. ನಮ್ಮ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ತಪ್ಪಿ ಕೀಲಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಇದು ಅಂಟುರೋಗವಲ್ಲ. ತಾಯಿ ಬಾಣಂತನದಲ್ಲಿ ತಿಂದದ್ದರಿಂದ, ತಣ್ಣೀರಿನಿಂದ, ದೃಷ್ಟಿಯಿಂದ ಬರುವುದೂ ಅಲ್ಲ. ಇದನ್ನು ಒತ್ತಿ ಬರೆಯುತ್ತೇನೆ, ಏಕೆಂದರೆ ಎಲ್ಲ ಮಾತೂ ಕೊನೆಗೆ ಸೊಸೆಯ ಮೇಲೆ ಬರುತ್ತಿದ್ದವು.

ಇದರಲ್ಲಿ ಏಳು ಪ್ರಕಾರಗಳಿವೆ. ನಮ್ಮವಳದು ನಾಲ್ಕು ಇಲ್ಲವೆ ಅದಕ್ಕಿಂತ ಕಡಿಮೆ ಕೀಲುಗಳಿಗೆ ಬರುವಂಥದು, ಚಿಕ್ಕ ಹೆಣ್ಣುಮಕ್ಕಳಲ್ಲಿ ಹೆಚ್ಚು. ಇನ್ನೊಂದರಲ್ಲಿ ದಿನಾಲು ಒಂದೇ ಹೊತ್ತಿಗೆ ಜ್ವರ ಏರಿ ಇಳಿದು, ಜ್ವರದ ಜೊತೆಗೆ ಮೈಮೇಲೆ ಗುಲಾಬಿ ಬಣ್ಣದ ಕಲೆ ಎದ್ದು ಮಾಯವಾಗುತ್ತದೆ. ಅದರಲ್ಲಿ ಜೀವಕ್ಕೇ ಅಪಾಯ ಬರಬಹುದಾದ್ದರಿಂದ ತಡಮಾಡುವಂತಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕಾಣುವ ಮತ್ತೊಂದು, ಶಾಲೆಗೆ ಹೋಗುವ ಗಂಡುಹುಡುಗರದು. ಬೆಳಿಗ್ಗೆ ಹಿಮ್ಮಡಿ ಊರಲಾಗುವುದಿಲ್ಲ, ಮೊಣಕಾಲು, ಸೊಂಟದ ಕೀಲು ಹಿಡಿಯುತ್ತವೆ, ಮುಂದೆ ಬೆನ್ನಿಗೂ ಹೋಗಬಹುದು. ಚಪ್ಪಲಿ ಬದಲಿಸಿ ನೋಡೋಣ ಎಂದು ಇಂಥವರ ವರ್ಷ ಕಳೆಯುತ್ತದೆ. ಆರ್.ಎ. ಫ್ಯಾಕ್ಟರ್ ಎಂಬ ತಪಾಸಣೆ ಈ ಮಕ್ಕಳಲ್ಲಿ ಬಹುತೇಕ ನೆಗೆಟಿವ್ ಬರುತ್ತದೆ. ನೆಗೆಟಿವ್ ಬಂತು, ಸಂಧಿವಾತವಿಲ್ಲ ಎಂದು ಹೇಳಿಕಳಿಸಿದರೆ ಒಪ್ಪಿಕೊಳ್ಳಬಾರದು. ಬಾವನ್ನು ಕೈಯಿಂದ ನೋಡಿಯೇ ನಿಶ್ಚಯ ಮಾಡಬೇಕಾದ ರೋಗವಿದು.

ಇನ್ನು ಕಣ್ಣಿನ ವಿಷಯ. ಪುಣೆಯ ಡಾಕ್ಟರರು ಮೊದಲ ದಿನವೇ, ಮೊಣಕಾಲಿಗೆ ಚಿಕಿತ್ಸೆ ಆಮೇಲೆ, ಇಂದೇ ಕಣ್ಣು ತೋರಿಸಿರಿ ಎಂದರು. ನಮಗೆ ಅರ್ಥವಾಗಲಿಲ್ಲ. ಕಾಲು ತೋರಿಸಲು ಬಂದವರಿಗೆ ಕಣ್ಣೇಕೆ? ಕಣ್ಣು ಕೆಂಪಿರಲಿಲ್ಲ, ನೀರಿರಲಿಲ್ಲ, ಕೂಸು ನೆಲದ ಮೇಲಿನ ಸೂಜಿಯನ್ನು ಆರಿಸುವಷ್ಟು ಚುರುಕು. ಸ್ಲಿಟ್ ಲ್ಯಾಂಪ್ ಎಂಬ ಯಂತ್ರದ ಮುಂದೆ ಸೊಸೆಯ ತೊಡೆಯ ಮೇಲೆ ಕೂಡ್ರಿಸಿ ನೋಡಿದರೆ ಎಡಗಣ್ಣಿನ ಒಳಗೆ ಉರಿಯೂತವಿತ್ತು. ಇದಕ್ಕೆ ಯುವಿಯೈಟಿಸ್ ಎನ್ನುತ್ತಾರೆ. ಈ ಪ್ರಕಾರದ ಸಂಧಿವಾತದಲ್ಲಿ, ಅದರಲ್ಲಿಯೂ ಎ.ಎನ್.ಎ. ಎಂಬ ತಪಾಸಣೆ ಪಾಸಿಟಿವ್ ಇದ್ದ ಚಿಕ್ಕ ಮಕ್ಕಳಲ್ಲಿ, ಇದು ನೋವಿಲ್ಲದೆ, ಕೆಂಪಾಗದೆ ಒಳಗೊಳಗೇ ನಡೆಯುತ್ತದೆ. ಬಿಟ್ಟರೆ ಕಣ್ಣಿನ ಪರದೆ ಅಂಟಿಕೊಳ್ಳುತ್ತದೆ, ಪೊರೆ ಬರುತ್ತದೆ, ಒತ್ತಡ ಏರಿ ನರ ಕೆಡುತ್ತದೆ. ಕಾಣುವುದಿಲ್ಲವೆಂದು ಮಗು ಹೇಳುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಇನ್ನೊಂದು ವಿಚಿತ್ರವೆಂದರೆ ಕಣ್ಣಿಗೂ ಮೊಣಕಾಲಿಗೂ ಹೊಂದಾಣಿಕೆಯಿಲ್ಲ. ಕಾಲು ಪೂರಾ ಗುಣವಾಗಿದ್ದಾಗಲೂ ಕಣ್ಣಿನಲ್ಲಿ ಏಳಬಹುದು. ಆದಕಾರಣ ಇಂಥ ಮಕ್ಕಳನ್ನು ಮೂರು ತಿಂಗಳಿಗೊಮ್ಮೆ ಆ ಯಂತ್ರದ ಮುಂದೆ ಕೂಡ್ರಿಸಲೇಬೇಕು. ಅಂಗಡಿಯಲ್ಲಿ ಬ್ಯಾಟರಿ ಹಾಕಿ ನೋಡುವುದಾಗಲಿ, ಗೋಡೆಯ ಮೇಲಿನ ಅಕ್ಷರ ಓದಿಸುವುದಾಗಲಿ ಸಾಲದು.

ಚಿಕಿತ್ಸೆ ಹೀಗೆ ನಡೆಯಿತು. ಮೊಣಕಾಲಿನೊಳಗೆ ಅರೆಮಂಪರಿನಲ್ಲಿ ಸ್ಟಿರಾಯ್ಡ್ ಸೂಜಿ ಕೊಟ್ಟರು. ಹತ್ತು ದಿನಗಳಲ್ಲಿ ಬಾವು ಇಳಿದು ಕುಳಿ ಕಂಡಿತು. ಬಾವು ಬಹುಕಾಲ ಇದ್ದುದರಿಂದ ರಕ್ತ ಹೆಚ್ಚು ಹರಿದು ಎಡಗಾಲು ಸುಮಾರು ಒಂದು ಸೆಂಟಿಮೀಟರ್ ಉದ್ದ ಬೆಳೆದಿತ್ತು. ಬಲಗಾಲಿನ ಬೂಟಿಗೆ ಅಟ್ಟೆ ಹಾಕಿಸಿದೆವು. ಈಗ ಎರಡೂ ಹೆಚ್ಚುಕಡಿಮೆ ಸಮನಾಗಿವೆ. ಕಣ್ಣಿಗೆ ಹನಿ. ಅದರ ಜೊತೆಗೆ ಮೆಥೊಟ್ರೆಕ್ಸೇಟ್ ಎಂಬ ಹಳದಿ ಗುಳಿಗೆ. ಇದನ್ನು ವಾರಕ್ಕೆ ಒಂದೇ ದಿನ ಕೊಡಬೇಕು. ದಿನಾಲು ಕೊಟ್ಟರೆ ಪ್ರಾಣಾಪಾಯ. ನಾವು ರವಿವಾರ ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಪ್ರತಿ ರವಿವಾರಕ್ಕೆ ಹಳದಿ ಚುಕ್ಕೆ ಇಟ್ಟೆವು. ಬಾಧೆ ಕಡಿಮೆಯಾಗಲೆಂದು ಬೇರೆ ದಿನ ಫೋಲಿಕ್ ಆಸಿಡ್, ಆಗಾಗ ಯಕೃತ್ತಿನ ಮತ್ತು ರಕ್ತದ ತಪಾಸಣೆ. ಒಂದು ವರ್ಷದ ಮೇಲೆ ಹುಡುಗಿ ಹಳದಿ ಬಣ್ಣ ಕಂಡರೆ ಸಾಕು, ವಾಂತಿ ಮಾಡಿಕೊಳ್ಳತೊಡಗಿದಳು. ಮನೆಯಲ್ಲಿ ಹಳದಿ ಪೇಢೆಯನ್ನೂ ಮುಟ್ಟಲಿಲ್ಲ. ಇದು ಬಹಳ ಮಕ್ಕಳಿಗೆ ಆಗುತ್ತದೆಯಂತೆ. ಡಾಕ್ಟರರು ಅದೇ ಔಷಧವನ್ನು ಚರ್ಮದ ಕೆಳಗಿನ ಸೂಜಿಯಾಗಿ ಬದಲಿಸಿದರು, ಕೊಡುವುದನ್ನು ಸೊಸೆ ಕಲಿತಳು.

2020ರ ಲಾಕ್‌ಡೌನಿನಲ್ಲಿ ಪುಣೆ ದೂರವಾಯಿತು. ಡಾಕ್ಟರರು ಫೋನಿನಲ್ಲಿ ಮಾತಾಡಿ ನಡೆಸಿದರು. ಕಣ್ಣನ್ನು ಫೋನಿನಲ್ಲಿ ನೋಡಲು ಬರುವುದಿಲ್ಲವಲ್ಲ, ಅನುಮತಿ ಸಿಕ್ಕ ಕೂಡಲೇ ಸೊಲ್ಲಾಪುರದಲ್ಲಿ ತೋರಿಸಿದೆವು. 2021ರಲ್ಲಿ ಕಣ್ಣಿನ ಉರಿಯೂತ ಮರಳಿ ಬಂದಿತು. ಹನಿ ಹೆಚ್ಚಿಸಿದರೆ ಅದರಿಂದಲೇ ಪೊರೆ ಮತ್ತು ಒತ್ತಡದ ಭಯ. ಆಗ ಅಡಾಲಿಮುಮ್ಯಾಬ್ ಎಂಬ ಸೂಜಿ, ಎರಡು ವಾರಕ್ಕೊಮ್ಮೆ. ಇಂಗ್ಲೆಂಡಿನಲ್ಲಿ ಇಂಥದೇ ಕಣ್ಣಿನ ಬೇನೆಯ 90 ಮಕ್ಕಳಿಗೆ ಕೊಟ್ಟುನೋಡಿದ ಪರೀಕ್ಷೆ 2017ರಲ್ಲಿ ಪ್ರಕಟವಾಗಿದ್ದು, ಬರಿ ಮೆಥೊಟ್ರೆಕ್ಸೇಟ್ ಕೊಟ್ಟವರಲ್ಲಿ 100ಕ್ಕೆ 60 ಮಕ್ಕಳಿಗೆ ಚಿಕಿತ್ಸೆ ಸೋತಿದ್ದರೆ, ಈ ಸೂಜಿಯನ್ನೂ ಕೂಡಿಸಿದವರಲ್ಲಿ 27ಕ್ಕೆ ಇಳಿದಿತ್ತೆಂದು ಡಾಕ್ಟರರು ಲೆಕ್ಕ ಹೇಳಿದರು. ಲೆಕ್ಕ ಹೇಳಿದರೆ ನನಗೆ ತಿಳಿಯುತ್ತದೆ. ಅಡಗಿದ ಕ್ಷಯವಿದ್ದರೆ ಈ ಸೂಜಿಯಿಂದ ಏಳಬಹುದಾದ್ದರಿಂದ ಮೊದಲು ಅದರ ತಪಾಸಣೆ ಮಾಡಿಸಿದರು. 2014ರಿಂದ ಈ ಔಷಧ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದ್ದು ಬೆಲೆ ಇಳಿದಿದೆ. ಇಳಿದರೂ ನಮಗೆ ಅದು ಅಂಗಡಿಯ ಇಬ್ಬರು ಕೆಲಸದವರ ಪಗಾರದಷ್ಟಾಗುತ್ತದೆ. ಎಲ್ಲರಿಗೂ ಆಗುವ ಮಾತಲ್ಲ. ಮದುವೆಯ ಊಟಕ್ಕೆ ಹತ್ತು ಬಗೆಯ ಸಿಹಿ ಮಾಡುವ ನಮ್ಮ ಸಮಾಜದಲ್ಲಿ ಇಂಥ ಒಂದೆರಡು ಮಕ್ಕಳ ಔಷಧಕ್ಕೆ ನಿಧಿ ಕೂಡಿಸುವುದು ಕಷ್ಟವಾಗಬಾರದು.

ಇದರಲ್ಲಿ ಪ್ರಾಣಿಯ ಅಂಶವಿದೆಯೆ ಎಂದು ನಮ್ಮವರು ಕೇಳುತ್ತಾರೆ, ನಾನೂ ಕೇಳಿದೆ. ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯಿಂದ 1957ರಲ್ಲಿ ತೆಗೆದ ಜೀವಕೋಶಗಳ ಸಂತತಿಯನ್ನೇ ಇಂದಿಗೂ ದೊಡ್ಡ ಪಾತ್ರೆಗಳಲ್ಲಿ ಬೆಳೆಸುತ್ತಾರೆ, ಆ ಕೋಶಗಳು ಔಷಧವನ್ನು ತಯಾರಿಸುತ್ತವೆ, ಪ್ರತಿ ಸೂಜಿಗೆ ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂದು ಉತ್ತರ ಬಂದಿತು. ಇದನ್ನು ಕೇಳಿ ನನ್ನ ಹೆಂಡತಿ ಎರಡು ದಿನ ಏನೂ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಫ್ರಿಜ್ಜಿನ ಒಂದು ಅಂಕಣ ಒರೆಸಿ ಸೂಜಿಗೆ ಜಾಗ ಮಾಡಿದಳು. ಬೇರೆ ಮನೆಯವರ ವಿಚಾರ ಬೇರೆ ಇರಬಹುದು, ಆದರೆ ಗೊತ್ತಿದ್ದದ್ದನ್ನು ಮುಚ್ಚಬಾರದೆಂದು ಬರೆದಿದ್ದೇನೆ.

ನೋವಿನ ಗುಳಿಗೆಯನ್ನು ಹೊಟ್ಟೆ ತುಂಬಿದ ಮೇಲೆಯೇ ಕೊಡಬೇಕು, ದಿನಕ್ಕೆರಡು ಸಲ. ರಾತ್ರಿ ಊಟವಿಲ್ಲದ ಮನೆಯಲ್ಲಿ ಹೇಗೆ? ಡಾಕ್ಟರರಿಗೆ ಸ್ಪಷ್ಟವಾಗಿ ಹೇಳಿದೆವು. ಹಾಗಾದರೆ ಸೂರ್ಯಾಸ್ತದ ಮುಂಚಿನ ಊಟದ ಜೊತೆಗೇ ಕೊಡಿರಿ, ಬೆಳಿಗ್ಗೆ ತಿಂಡಿಯ ಜೊತೆಗೆ ಇನ್ನೊಂದು ಎಂದು ಬರೆದುಕೊಟ್ಟರು. ಹೇಳದೆ ಸುಮ್ಮನೆ ಬಂದು ರಾತ್ರಿ ಖಾಲಿ ಹೊಟ್ಟೆಗೆ ಗುಳಿಗೆ ನುಂಗಿಸುವ ಮನೆಗಳಿವೆ. ದಶಲಕ್ಷಣ ಪರ್ವದಲ್ಲಿ ಅಕ್ಕತಂಗಿಯರಂತೆ ತಾನೂ ಉಪವಾಸ ಮಾಡುತ್ತೇನೆಂದು ಹುಡುಗಿಯ ಹಟ. ಔಷಧ ನಡೆದಿರುವಾಗ ಬೇಡವೆಂದರು. ಆ ಹತ್ತೂ ದಿನ ಸಿಹಿ ತ್ಯಾಗ ಮಾಡಿದಳು. ಅಂಗಡಿಗೆ ಬಂದ ಪೇಢೆಯ ಪೆಟ್ಟಿಗೆಯನ್ನು ಹಾಗೆಯೇ ಮರಳಿಸಿದಳು.

ಊಟದ ಬಗ್ಗೆ ಸಲಹೆ ಕೊಡದವರೇ ಇಲ್ಲ. ವಾತವೆಂಬ ಶಬ್ದ ಕೇಳಿದೊಡನೆ ಮೊಸರು ಬಿಡಿಸು, ಹುಳಿ ಬಿಡಿಸು, ಬದನೆಕಾಯಿ, ಕಡಲೆಬೇಳೆ ಬಿಡಿಸು. ಬಟಾಟೆ ಬಿಡಿಸು ಎಂದವರೂ ಇದ್ದರು, ನಮ್ಮಲ್ಲಿ ಅದು ಮೊದಲೇ ಇಲ್ಲ. ಎಲ್ಲ ಬಿಡಿಸಿದರೆ ಕೂಸಿಗೆ ಉಳಿಯುವುದೇನು? ಯಾವ ಆಹಾರದಿಂದಲೂ ಈ ರೋಗ ಬರುವುದಿಲ್ಲ, ಬಿಡುವುದರಿಂದ ಹೋಗುವುದೂ ಇಲ್ಲ. ಎಲುಬು ಗಟ್ಟಿಯಾಗಲು ಹಾಲು-ಮೊಸರು ಇವರಿಗೆ ಹೆಚ್ಚೇ ಬೇಕು. ಹಾಗೆಯೇ ಮಲಗಿಸಿಡಬಾರದು. ಬಾಗಿಸಿಟ್ಟ ಮೊಣಕಾಲು ಬಾಗಿಯೇ ನಿಲ್ಲುತ್ತದೆ. ಸೈಕಲ್ ಮತ್ತು ಈಜು ಎಲ್ಲಕ್ಕಿಂತ ಒಳ್ಳೆಯದು. ಅವಳ ಕನ್ನಡ ಶಾಲೆಯ ಹೆಡ್‌ಮಾಸ್ತರರಿಗೆ ಎಲ್ಲ ವಿವರಿಸಿದಾಗ, ಆ ವರ್ಷ ಅವಳ ವರ್ಗವನ್ನೇ ಮಾಳಿಗೆಯಿಂದ ಕೆಳಗೆ ತಂದರು. ಮುಕ್ಕಾಲು ಗಂಟೆಗೊಮ್ಮೆ ಎದ್ದು ಓಡಾಡಲು ಪರವಾನಗಿ ಕೊಟ್ಟರು. ನಾಲ್ಕು ಮೆಟ್ಟಿಲು ಇಳಿಸಿದ್ದಕ್ಕೆ ಏನು ದೊಡ್ಡ ಉಪಕಾರ ಎಂದಾರು ಕೆಲವರು. ಬೆಳಿಗ್ಗೆ ಎಂಟಕ್ಕೆ ಕುಂಟುವ ಮಗುವಿನ ಮನೆಯವರಿಗೆ ಅದರ ಬೆಲೆ ಗೊತ್ತು.

ಈ ಲೇಖನ ಬರೆಯಬೇಡಿರೆಂದು ಬಂಧುಗಳೊಬ್ಬರು ಹೇಳಿದರು. ಹೆಣ್ಣುಕೂಸು, ನಾಳೆ ಸಂಬಂಧ ನೋಡಬೇಕು, ಗುಟ್ಟಾಗಿಡಿರಿ ಎಂದು ಅವರ ಮಾತು. ಕಾಳಜಿಯಿಂದಲೇ ಹೇಳಿದ್ದಾರೆ. ಆದರೆ ಡಾಕ್ಟರರು ಸೊಸೆಗೆ ಈಗಲೇ ತಿಳಿಸಿದ್ದನ್ನು ಕೇಳಿರಿ: ಮುಂದೆ ಲಗ್ನವಾಗಿ ಮಕ್ಕಳ ವಿಚಾರ ಬಂದಾಗ ಮೆಥೊಟ್ರೆಕ್ಸೇಟನ್ನು ಗರ್ಭ ನಿಲ್ಲುವ ಮುಂಚೆಯೇ ಡಾಕ್ಟರರ ಸಲಹೆಯಂತೆ ನಿಲ್ಲಿಸಿರಬೇಕು, ಇಲ್ಲವಾದರೆ ಹೊಟ್ಟೆಯಲ್ಲಿಯ ಶಿಶುವಿಗೆ ಅಪಾಯ. ಮುಚ್ಚಿಟ್ಟು ಲಗ್ನ ಮಾಡಿಕೊಟ್ಟರೆ ಅತ್ತೆಯ ಮನೆಯಲ್ಲಿ ಅದನ್ನು ಯಾರು ಹೇಳುವವರು, ಯಾರು ಕೇಳುವವರು? ಗುಟ್ಟು ಇಟ್ಟ ಮನೆಯಲ್ಲಿ ಸೂಜಿ ತಪ್ಪುತ್ತದೆ, ಕಣ್ಣಿನ ತಪಾಸಣೆ ಮುಂದಕ್ಕೆ ಹೋಗುತ್ತದೆ. ಅಷ್ಟರ ಮಟ್ಟಿಗೆ ತಿಳಿದೂ ಬರುವ ಸಂಬಂಧ ಬರಲಿ. ಇನ್ನೂ ಬಹಳ ವರ್ಷಗಳಿವೆ. ಅವಳಿಗೆ ಸದ್ಯ ಗಣಿತದ ಪರೀಕ್ಷೆಯದೇ ಚಿಂತೆ.

ಕೆಲವು ಮಕ್ಕಳಿಗೆ ಇದು ಪೂರ್ತಿ ಶಾಂತವಾಗಿ ಔಷಧ ನಿಲ್ಲುತ್ತದೆ, ಕೆಲವರಿಗೆ ದೊಡ್ಡವರಾದ ಮೇಲೂ ಬೇಕಾಗುತ್ತದೆ. ನಮ್ಮವಳದು ಯಾವ ಕಡೆಗೆ ಎಂದು ಈಗ ಹೇಳಲಾಗದು. 2024ರ ದೀಪಾವಳಿಯ ನಂತರ ಅಡಾಲಿಮುಮ್ಯಾಬ್ ಸೂಜಿಯನ್ನು ಎರಡರ ಬದಲು ಮೂರು ವಾರಕ್ಕೊಮ್ಮೆ ಮಾಡಿದ್ದಾರೆ. ಎಡಗಣ್ಣಿನ ದೃಷ್ಟಿ ಪೂರಾ ಇದೆ. ಔಷಧ ನಿಂತ ಮೇಲೂ ಕಣ್ಣಿನ ತಪಾಸಣೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಮೊದಲ ತಿಂಗಳುಗಳಲ್ಲಿ ಮರಳಿ ಬರುವ ಭಯ ಹೆಚ್ಚೆಂದು ಹೇಳಿದ್ದಾರೆ.

ಮಕ್ಕಳ ಸಂಧಿವಾತ ನೋಡುವ ಡಾಕ್ಟರರು ಈಗ ಪುಣೆ, ಮುಂಬಯಿ, ಬೆಂಗಳೂರು, ಹೈದರಾಬಾದುಗಳಲ್ಲಿ ಸಿಗುತ್ತಾರೆ. ಹೊಸೂರು, ತಾಳವಾಡಿ ಕಡೆಯವರಿಗೆ ವೆಲ್ಲೂರಿನ ಸಿ.ಎಂ.ಸಿ.ಯೂ ಇದೆ. ಮೊದಲ ಸಲ ಹೋಗುವಾಗ ಹಳೆಯ ಎಲ್ಲ ಕಾಗದ, ಲಸಿಕೆಯ ಕಾರ್ಡು, ಬೆಳಗಿನ ಬಿಗಿತ ಎಷ್ಟು ಹೊತ್ತು ಎಂಬುದರ ಬರಹ ಒಯ್ಯಿರಿ. ಬಾವು ಹೆಚ್ಚಿದ್ದ ದಿನದ ಫೋಟೋ ಒಂದು ಮೊಬೈಲಿನಲ್ಲಿರಲಿ, ಏಕೆಂದರೆ ಡಾಕ್ಟರರ ಮುಂದೆ ಹೋಗುವುದು ಯಾವಾಗಲೂ ಮಧ್ಯಾಹ್ನ, ಆ ಹೊತ್ತಿಗೆ ಮಗು ಕುಣಿದಾಡುತ್ತಿರುತ್ತದೆ. ಇಂಥ ಮಗುವಿರುವ ಯಾವ ಮನೆಯವರಾದರೂ ಸಂಪಾದಕರ ಮೂಲಕ ಪತ್ರ ಬರೆದರೆ, ತಿಳಿದಷ್ಟು ತಿಳಿಸುತ್ತೇನೆ. ಸೂಜಿ ಕೊಡುವ ರೀತಿ, ಪ್ರಯಾಣದಲ್ಲಿ ಬರ್ಫದ ಪೆಟ್ಟಿಗೆ ಇಡುವ ರೀತಿಯನ್ನು ಸೊಸೆಯೇ ಬರೆದು ಕಳಿಸುತ್ತಾಳೆ.